ಕೀಬೋರ್ಡಿನ ಕೀ ಅಂಟಿಕೊಳ್ಳುತ್ತಿದೆಯಾ? ಬಿಚ್ಚುವ ಮುಂಚೆ ಇಷ್ಟು ನೋಡಿ

ಹೋದ ದೀಪಾವಳಿ ಹೊತ್ತಿಗೆ ನಮ್ಮ ಟೈಪಿಂಗ್ ಅಂಗಡಿಯಲ್ಲಿ ಒಂದು ಅರ್ಜಿ ಟೈಪ್ ಮಾಡುತ್ತಿದ್ದೆ. ‘ಕನ್ನಡ’ ಎಂದು ಒತ್ತಿದರೆ ‘ಕನನಡ’ ಎಂದು ಬಂತು. ‘ಅಪ್ಪ’ ಎನ್ನುವುದು ‘ಅಪಪ’ ಆಯಿತು. ಬೇರೆ ಅಕ್ಷರಗಳೆಲ್ಲ ಸರಿಯಾಗಿಯೇ ಬರುತ್ತಿದ್ದವು, ಒತ್ತು ಮಾತ್ರ ಕೂರುತ್ತಿರಲಿಲ್ಲ. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ ಕಾರಣ ತಕ್ಷಣ ಹೊಳೆಯುತ್ತದೆ. ಅದರಲ್ಲಿರುವ, ಕೆ.ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀ ಬೇಕು. ಇಂಗ್ಲಿಷ್ ಟೈಪ್ ಮಾಡುವವರಿಗೆ ಎಫ್ ಅಷ್ಟಾಗಿ ಬೇಕಾಗುವುದಿಲ್ಲ. ನಾವು ಸಾಲಿಗೆ ನಾಲ್ಕೈದು ಸಲ ಮುಟ್ಟುತ್ತೇವೆ.

ಆ ಕೀ ಪೂರ್ತಿ ಕೆಳಗೆ ಇಳಿಯುತ್ತಿರಲಿಲ್ಲ. ಅದರ ಟೋಪಿ, ಅಂದರೆ ಅಕ್ಷರ ಬರೆದಿರುವ ಮೇಲಿನ ಪ್ಲಾಸ್ಟಿಕ್ ಮುಚ್ಚಳ, ಎತ್ತಿ ನೋಡಿದೆ. ಒಳಗೆ ಒಂದು ಅಕ್ಷತೆ ಕಾಳು. ಅರಿಶಿನದ ಬಣ್ಣ ಇನ್ನೂ ಹಾಗೇ ಇತ್ತು. ಆಯುಧ ಪೂಜೆಯ ದಿನ ಎಲ್ಲ ಕಂಪ್ಯೂಟರಿಗೂ ಹೂವು, ಕುಂಕುಮ, ಅಕ್ಷತೆ ಹಾಕಿದ್ದೆವು. ಆವತ್ತು ಬಿದ್ದ ಕಾಳು ನಡುವೆ ಎಲ್ಲೋ ಇದ್ದು, ನಿಧಾನವಾಗಿ ಉರುಳಿಕೊಂಡು ಎಫ್ ಅಡಿಗೆ ಹೋಗಿ ಕೂತಿತ್ತು. ಪಿನ್ನಿನಿಂದ ತೆಗೆದೆ. ಒತ್ತು ಕೂತಿತು. ಎರಡು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ.

‘ಕೆಟ್ಟಿದೆ’ ಎಂದು ನಮ್ಮ ಹತ್ತಿರ ಬರುವ ಕೀಬೋರ್ಡುಗಳಲ್ಲಿ ಹೆಚ್ಚಿನವು ಹೀಗೆಯೇ ಇರುತ್ತವೆ. ಕೊಳೆ ಸೇರಿರುತ್ತದೆ, ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಯಾವುದೋ ಸೆಟ್ಟಿಂಗ್ ಬದಲಾಗಿರುತ್ತದೆ. ಅದಕ್ಕೇ ಹೇಳುವುದು, ತೊಂದರೆ ಎಲ್ಲಿದೆ ಎಂದು ಗೊತ್ತಾಗುವ ತನಕ ಸ್ಕ್ರೂಡ್ರೈವರ್ ಮುಟ್ಟಬೇಡಿ. ಕೀ ಹೇಗೆ ಹಟ ಮಾಡುತ್ತಿದೆ ಎಂದು ಐದು ನಿಮಿಷ ಗಮನ ಕೊಟ್ಟು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

## ಕೈ ಹಾಕುವ ಮುಂಚೆ

ವೈರ್ ಇರುವ ಕೀಬೋರ್ಡಾದರೆ ಯುಎಸ್‌ಬಿ ಕಿತ್ತಿಡಿ. ವೈರ್‌ಲೆಸ್ ಆದರೆ ಸೆಲ್ ತೆಗೆಯಿರಿ. ಲ್ಯಾಪ್‌ಟಾಪ್ ಆದರೆ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಮುಚ್ಚಳ ಮುಚ್ಚಿ ನಿದ್ದೆಗೆ ಕಳಿಸಿದರೆ ಸಾಲದು.

ಲ್ಯಾಪ್‌ಟಾಪ್ ಇರುವವರು ಇನ್ನೊಂದನ್ನು ಮರೆಯದೆ ನೋಡಿ. ಅದನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಕಣ್ಣಿನ ಮಟ್ಟದಲ್ಲಿ ಪಕ್ಕದಿಂದ ನೋಡಿ. ಕೀಬೋರ್ಡಿನ ನಡುಭಾಗ ಉಬ್ಬಿದೆಯಾ? ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ ಆಗುತ್ತಿಲ್ಲವಾ? ತಳದ ನಾಲ್ಕೂ ಕಾಲು ಮೇಜಿಗೆ ಕೂರುತ್ತಿಲ್ಲವಾ? ಹಾಗಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿರಬಹುದು. ಕೀ ಅಂಟುತ್ತಿರುವುದಕ್ಕೆ ಅದೇ ಕಾರಣ ಇರಬಹುದು. ಇಲ್ಲಿಗೆ ನಿಲ್ಲಿಸಿ. ಚಾರ್ಜ್‌ಗೆ ಹಾಕಬೇಡಿ, ಒತ್ತಿ ಚಪ್ಪಟೆ ಮಾಡಲು ಹೋಗಬೇಡಿ, ಚೂಪಾದದ್ದನ್ನು ಒಳಗೆ ತೂರಿಸಬೇಡಿ. ಊದಿದ ಲಿಥಿಯಂ ಬ್ಯಾಟರಿ ತೂತಾದರೆ ಬೆಂಕಿ ಹತ್ತುತ್ತದೆ. ನೇರವಾಗಿ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋಗಿ.

ಬೇಕಾಗುವ ಸಾಮಾನು ಕಡಿಮೆ. ಮೃದುವಾದ ಪೇಂಟ್ ಬ್ರಶ್, ಹತ್ತಿ ಸುತ್ತಿದ ಇಯರ್‌ಬಡ್, ಹಳೆಯ ಬನಿಯನ್ ಬಟ್ಟೆ, ಎರಡು ಜೆಮ್ ಕ್ಲಿಪ್, ಒಂದು ಸಣ್ಣ ಬಾಟಲಿ ಐಸೊಪ್ರೊಪೈಲ್ ಆಲ್ಕೋಹಾಲ್. ಅಂಗಡಿಯಲ್ಲಿ ಐಪಿಎ ಎಂದರೆ ಕೊಡುತ್ತಾರೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ, ಬೇರೆ ಊರಿನವರು ಮೊಬೈಲ್ ರಿಪೇರಿ ಸಾಮಾನು ಮಾರುವಲ್ಲಿ ಕೇಳಿ. ಐಪಿಎ ಬೇಗ ಆರುತ್ತದೆ, ಹಿಂದೆ ಏನನ್ನೂ ಉಳಿಸುವುದಿಲ್ಲ. ಆದರೆ ಬೇಗ ಹೊತ್ತಿಕೊಳ್ಳುತ್ತದೆ. ಕಿಟಕಿ ತೆಗೆದಿಡಿ. ದೀಪ, ಊದುಬತ್ತಿ, ಒಲೆ ಹತ್ತಿರ ಇಟ್ಟುಕೊಳ್ಳಬೇಡಿ.

ಐಪಿಎ ಬದಲಿಗೆ ಮನೆಯಲ್ಲಿರುವ ಸ್ಯಾನಿಟೈಸರ್ ಆಗಲ್ವಾ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಕೈ ಒಣಗಬಾರದು ಎಂದು ಅದರಲ್ಲಿ ಗ್ಲಿಸರಾಲ್ ಸೇರಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸೂತ್ರದಲ್ಲೇ ಶೇ. 1.45 ಗ್ಲಿಸರಾಲ್ ಇದೆ. ಅದು ಆರುವುದಿಲ್ಲ, ಅಂಟಾಗಿ ಉಳಿಯುತ್ತದೆ. ನೇಲ್ ಪಾಲಿಶ್ ರಿಮೂವರಿನ ಅಸಿಟೋನ್ ಮತ್ತು ಥಿನ್ನರ್ ಕೀಯ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಎಲ್ಲಕ್ಕಿಂತ ಜಾಸ್ತಿ ಹಾಳು ಮಾಡುವುದು ಎಣ್ಣೆ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟರೆ ಎರಡು ದಿನ ಕೀ ಜಾರುತ್ತದೆ. ಆಮೇಲೆ ಆ ಎಣ್ಣೆಗೆ ಧೂಳು ಸೇರಿ ಕಪ್ಪು ಅಂಟಾಗುತ್ತದೆ. ಅದನ್ನು ತೆಗೆಯುವುದು ಮೊದಲಿನ ಕೊಳೆ ತೆಗೆಯುವುದಕ್ಕಿಂತ ಕಷ್ಟ.

## ಒತ್ತಿದ್ದೊಂದು, ಬಂದದ್ದೊಂದು

ಇದು ಬಹುಪಾಲು ಕೀಬೋರ್ಡಿನ ತಪ್ಪಲ್ಲ. ಕ್ಲೀನ್ ಮಾಡುವ ಮುಂಚೆ ಇದನ್ನು ಬಗೆಹರಿಸಿಕೊಳ್ಳಿ.

ಇಂಗ್ಲಿಷ್ ಒತ್ತಿದರೆ ಕನ್ನಡ ಬರುತ್ತಿದ್ದರೆ, ಅಥವಾ ಕನ್ನಡವೇ ಅಡ್ಡಾದಿಡ್ಡಿ ಬರುತ್ತಿದ್ದರೆ, ಭಾಷೆ ಬದಲಾಗಿದೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಯಾವ ಭಾಷೆಯಲ್ಲಿದೆ ನೋಡಿ. ವಿಂಡೋಸ್ ಜೊತೆಗೆ ಬರುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಒತ್ತಿಗೆ ಡಿ ಕೀ, ನುಡಿಯಲ್ಲಿ ಎಫ್. ಒಂದಕ್ಕೆ ಕೈ ಪಳಗಿದವರು ಗೊತ್ತಿಲ್ಲದೆ ಇನ್ನೊಂದಕ್ಕೆ ಹೋದರೆ ಕೀಬೋರ್ಡೇ ಕೆಟ್ಟ ಹಾಗೆ ಕಾಣುತ್ತದೆ.

ಕೆಲವು ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ನಮ್ ಲಾಕ್ ಆನ್ ಆದರೆ ಜೆ, ಕೆ, ಎಲ್ ಒತ್ತಿದಾಗ 1, 2, 3 ಬರುತ್ತದೆ. ಯು, ಐ, ಓ ಒತ್ತಿದರೆ 4, 5, 6. ಎಮ್ ಒತ್ತಿದರೆ 0. ಹೀಗೆ ಬಲಗೈ ಅಕ್ಷರಗಳು ಮಾತ್ರ ಅಂಕೆಯಾದರೆ ನಮ್ ಲಾಕ್ ಆಫ್ ಮಾಡಿ, ಮುಗಿಯಿತು.

ಕೀಯನ್ನು ಒಂದು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಅಕ್ಷರ ಬರುತ್ತಿದೆಯಾ? ಇದು ವಿಂಡೋಸ್‌ನ ಫಿಲ್ಟರ್ ಕೀಸ್ ಎಂಬ ಸೆಟ್ಟಿಂಗ್. ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ವಿಂಡೋಸ್ ಇದನ್ನು ಆನ್ ಮಾಡಲಾ ಎಂದು ಕೇಳುತ್ತದೆ. ಯೋಚನೆ ಮಾಡುತ್ತಾ ಶಿಫ್ಟ್ ಮೇಲೆ ಬೆರಳಿಟ್ಟು ಕೂತವರಿಗೆ ಇದು ಆಗುತ್ತದೆ. ಶಿಫ್ಟನ್ನು 5 ಸಲ ಬೇಗ ಬೇಗ ಒತ್ತಿದರೆ, ಬಿಟ್ಟ ಮೇಲೂ ಶಿಫ್ಟ್ ಒತ್ತಿದ ಹಾಗೇ ಇಡುವ ಸ್ಟಿಕ್ಕಿ ಕೀಸ್ ಬರುತ್ತದೆ. ಎರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್ ಎಂಬಲ್ಲಿ ಆಫ್ ಮಾಡಬಹುದು. ಒಬ್ಬ ಹುಡುಗಿ ಅಳುಮುಖ ಮಾಡಿಕೊಂಡು, “ಅಣ್ಣಾ, ನಾಳೆ ಪ್ರಾಜೆಕ್ಟ್ ಕೊಡಬೇಕು, ಕೀಬೋರ್ಡ್ ಸತ್ತೇ ಹೋಗಿದೆ” ಎಂದು ಬಂದಿದ್ದಳು. “ಇಲ್ಲಮ್ಮ, ಏನೂ ಆಗಿಲ್ಲ, ನೋಡು” ಎಂದು ಆಫ್ ಮಾಡಿ ಕೊಟ್ಟೆ. ಬೇರೆ ಕಡೆ ಅವಳಿಗೆ ಹೊಸ ಕೀಬೋರ್ಡ್ ಹಾಕಿಸಬೇಕು ಎಂದು ಹೇಳಿದ್ದರಂತೆ.

ಸ್ವಲ್ಪ ಸೂಕ್ಷ್ಮವಾದದ್ದು ಶಿಫ್ಟ್ ಕೀ ಸಿಕ್ಕಿಕೊಳ್ಳುವುದು. ನುಡಿಯಲ್ಲಿ ‘ಬಾಗಿಲು’ ಎಂದು ಒತ್ತಿದರೆ ‘ಭಾಘೀಳೂ’ ಎಂದು ಬಂದರೆ ಶಿಫ್ಟ್ ಕೆಳಗೇ ಉಳಿದಿದೆ ಎಂದು ಅರ್ಥ. ಅಲ್ಪಪ್ರಾಣವೆಲ್ಲ ಮಹಾಪ್ರಾಣ, ಹ್ರಸ್ವವೆಲ್ಲ ದೀರ್ಘ. ಎರಡೂ ಶಿಫ್ಟನ್ನು ನಾಲ್ಕೈದು ಸಲ ಜೋರಾಗಿ ಒತ್ತಿ ಬಿಡಿ. ಮತ್ತೆ ಹಾಗೇ ಆದರೆ ಆ ಕೀ ಅಡಿಯಲ್ಲಿ ಕೊಳೆಯಿದೆ, ಮುಂದೆ ಓದಿ.

## ಕಂಪ್ಯೂಟರೋ, ಕೀಬೋರ್ಡೋ: ಎರಡು ಪರೀಕ್ಷೆ

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಓ, ಎಸ್, ಕೆ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಪರದೆಯ ಮೇಲೆ ಒಂದು ಕೀಬೋರ್ಡ್ ಬರುತ್ತದೆ. ಈಗ ನಿಮ್ಮ ಕೀಬೋರ್ಡಿನ ಒಂದೊಂದೇ ಕೀ ಒತ್ತಿದರೆ ಪರದೆಯಲ್ಲೂ ಅದು ಬಣ್ಣ ಬದಲಿಸುತ್ತದೆ. ನೀವು ಏನೂ ಮುಟ್ಟದೆ ಇದ್ದಾಗಲೂ ಯಾವುದಾದರೂ ಕೀ ಬಣ್ಣ ಬದಲಿಸಿಕೊಂಡೇ ಇದ್ದರೆ, ಸಿಕ್ಕಿಕೊಂಡಿರುವುದು ಅದೇ. ಕೆಟ್ಟ ಕೀಗಳ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಇದು ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ.

ಎರಡನೆಯದು, ಕೀಬೋರ್ಡನ್ನು ಬೇರೆ ಕಡೆ ಹಾಕಿ ನೋಡುವುದು. ಬೇರೆ ಕಂಪ್ಯೂಟರ್ ಇಲ್ಲವಾ? ಮೊಬೈಲಿಗೆ ಯುಎಸ್‌ಬಿ ಜೋಡಿಸುವ ಓಟಿಜಿ ಕೇಬಲ್ ಹಾಕಿ ಚುಚ್ಚಿ. ಮೊಬೈಲಿನಲ್ಲೂ ಅದೇ ಕೀ ತೊಂದರೆ ಕೊಟ್ಟರೆ ಕೀಬೋರ್ಡಿನದೇ ತಪ್ಪು. ಮೊಬೈಲಿನಲ್ಲಿ ಸರಿಯಿದ್ದರೆ ಕಂಪ್ಯೂಟರಿನ ಪೋರ್ಟ್ ಬದಲಿಸಿ ನೋಡಿ. ಲ್ಯಾಪ್‌ಟಾಪಿನ ಕೀಬೋರ್ಡನ್ನು ಕಿತ್ತು ಬೇರೆ ಕಡೆ ಹಾಕಲು ಆಗಲ್ಲ. ಅದಕ್ಕೆ ಆನ್ ಮಾಡುವಾಗ ಎಫ್2 ಅಥವಾ ಡಿಲೀಟ್ ಒತ್ತಿ ಬಯಾಸ್ ಪರದೆಗೆ ಹೋಗಿ. ಅಲ್ಲಿ ವಿಂಡೋಸ್ ಇನ್ನೂ ಶುರುವಾಗಿರುವುದಿಲ್ಲ. ಅಲ್ಲೂ ಬಾಣದ ಗುರುತು ತಾನಾಗಿಯೇ ಓಡುತ್ತಿದ್ದರೆ ತೊಂದರೆ ಕೀಬೋರ್ಡಿನಲ್ಲೇ ಇದೆ.

ವೈರ್‌ಲೆಸ್ ಕೀಬೋರ್ಡಿನಲ್ಲಿ ಅಕ್ಷರ ಬಿಟ್ಟುಬಿಟ್ಟು ಬಂದರೆ ಮೊದಲು ಸೆಲ್ ಬದಲಿಸಿ. ಆಮೇಲೆ ರಿಸೀವರನ್ನು ಕಂಪ್ಯೂಟರಿನ ಮುಂಭಾಗದ ಪೋರ್ಟಿಗೆ ಹಾಕಿ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಲ್ಲಿ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಓಡುತ್ತಿದ್ದರೆ ಪಕ್ಕದ 2.4 ಗಿಗಾಹರ್ಟ್ಸ್ ರಿಸೀವರಿಗೆ ಅಡ್ಡಿಯಾಗುತ್ತದೆ. ಸ್ವಲ್ಪ ದೂರ ಇಟ್ಟರೆ ಸರಿಹೋಗುತ್ತದೆ.

## ಒತ್ತಿದ ಕೀ ನಿಧಾನವಾಗಿ ಮೇಲೆ ಬರುತ್ತದೆ, ಅಥವಾ ಕೆಳಗೇ ಉಳಿಯುತ್ತದೆ

ನಿಜವಾದ ಅಂಟು ಇದೇ. ಹೇಗೆ ಅಂಟುತ್ತಿದೆ ಎಂದು ಬೆರಳಿಗೆ ಕೇಳಿ. ಕರಕರ ಎಂದು ಕೆರೆದ ಹಾಗಾದರೆ ಒಳಗೆ ಗಟ್ಟಿಯಾದದ್ದು ಇದೆ, ಮರಳು, ಅವಲಕ್ಕಿ ಚೂರು, ಮಿಕ್ಸ್ಚರ್ ಪುಡಿ, ಅಕ್ಷತೆ. ಮೆತ್ತಗೆ ಹಿಡಿದು ಬಿಟ್ಟ ಹಾಗಾದರೆ ಸಕ್ಕರೆ ಇದೆ. ಟೀ, ಕಾಫಿ, ಜ್ಯೂಸ್ ಯಾವುದೋ ಬಿದ್ದು ಆರಿದೆ. ಕೀ ಸುತ್ತ ಇರುವೆ ಓಡಾಡುತ್ತಿದ್ದರಂತೂ ಅನುಮಾನವೇ ಬೇಡ.

ಮೊದಲು ಕೀಬೋರ್ಡನ್ನು ಪೇಪರ್ ಮೇಲೆ ಬೋರಲು ಹಿಡಿದು ಬೆನ್ನಿಗೆ ಅಂಗೈಯಿಂದ ಮೆಲ್ಲಗೆ ತಟ್ಟಿ. ಏನೇನು ಬೀಳುತ್ತದೆ ನೋಡಿ, ಅದೇ ಒಂದು ಪತ್ತೆ. ಆಮೇಲೆ ಓರೆಯಾಗಿ ಹಿಡಿದು ಬ್ರಶ್ಶಿನಿಂದ ಸಾಲು ಸಾಲಾಗಿ ಗುಡಿಸಿ. ಗಾಳಿ ಊದಲು ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬಲೂನ್ ಸಾಕು. ಬಾಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತದೆ. ಗಾಳಿ ತುಂಬಿದ ಡಬ್ಬಿ ಕೊಂಡಿದ್ದರೆ ಅದನ್ನು ನೆಟ್ಟಗೆ ಹಿಡಿದು ಚಿಕ್ಕ ಚಿಕ್ಕದಾಗಿ ಬಿಡಿ. ತಲೆಕೆಳಗೆ ಮಾಡಿದರೆ ಗಾಳಿಯ ಬದಲು ಕೊರೆಯುವ ದ್ರವ ಬರುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡವೇ ಬೇಡ. ಅದರ ರಭಸಕ್ಕೆ ಕೀ ಹಾರಿಹೋಗುತ್ತದೆ, ಗಾಳಿಯ ಜೊತೆ ನೀರೂ ಬರುತ್ತದೆ.

ಇಷ್ಟಕ್ಕೆ ಹೋಗದಿದ್ದರೆ ಟೋಪಿ ತೆಗೆಯಬೇಕು. ಮೇಜಿನ ಮೇಲಿನ ಸಾಮಾನ್ಯ ಕೀಬೋರ್ಡಿನ ಮಾತು ಇದು, ಲ್ಯಾಪ್‌ಟಾಪಿಗೆ ಕೆಳಗೆ ಬೇರೆಯೇ ಹೇಳಿದ್ದೇನೆ. ಮೊದಲು ಒಂದು ಫೋಟೋ ಹೊಡೆದುಕೊಳ್ಳಿ. ಯಾವ ಕೀ ಎಲ್ಲಿತ್ತು ಎಂದು ಆಮೇಲೆ ನೆನಪಿರುವುದಿಲ್ಲ. ಜೆಮ್ ಕ್ಲಿಪ್ ಬಿಡಿಸಿ ತುದಿಯನ್ನು ಕೊಕ್ಕೆ ಮಾಡಿ, ಎರಡು ಕೊಕ್ಕೆಗಳನ್ನು ಟೋಪಿಯ ಎದುರುಬದುರು ಅಂಚಿಗೆ ಸಿಕ್ಕಿಸಿ ನೆಟ್ಟಗೆ ಮೇಲೆತ್ತಿ. ಟಕ್ ಎಂದು ಬರುತ್ತದೆ. ಒಂದೇ ಕಡೆಯಿಂದ ಮೀಟಿದರೆ ಅಡಿಯ ಕಡ್ಡಿ ಮುರಿಯಬಹುದು.

ತೆಗೆದ ಮೇಲೆ ಎರಡು ಜಾಗ ನೋಡಿ. ಒಂದು ಟೋಪಿಯ ಅಡಿಯಲ್ಲಿರುವ ಕಡ್ಡಿ, ಇನ್ನೊಂದು ಆ ಕಡ್ಡಿ ಇಳಿಯುವ ಕೊಳವೆ. ಅಂಟು ಕೂರುವುದು ಇವೆರಡರ ನಡುವೆ. ಇಯರ್‌ಬಡ್ಡನ್ನು ಐಪಿಎಯಲ್ಲಿ ಅದ್ದಿ, ಹಿಂಡಿ, ಕೊಳವೆಯ ಒಳಗೋಡೆಯನ್ನು ತಿರುಗಿಸಿ ಒರೆಸಿ. ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊಸದು ತೆಗೆದುಕೊಳ್ಳಿ, ಹತ್ತಿ ಬೆಳ್ಳಗೇ ಬರುವ ತನಕ ಒರೆಸಿ. ಟೋಪಿಗಳನ್ನು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ಅರ್ಧ ಗಂಟೆ ನೆನೆಸಿ, ತೊಳೆದು, ನೆರಳಲ್ಲಿ ಒಂದು ರಾತ್ರಿ ಆರಿಸಿ. ಕುದಿಯುವ ನೀರು ಹಾಕಿದರೆ ಸೊಟ್ಟಗಾಗುತ್ತವೆ. ಒಂದು ಹನಿ ನೀರು ಒಳಗೆ ಉಳಿದರೂ ಹಾಕಬೇಡಿ.

ಕುಂಕುಮ ಬಿದ್ದಿದ್ದರೆ ಮೊದಲು ಒಣ ಬ್ರಶ್ಶಿನಿಂದಲೇ ಪೂರ್ತಿ ತೆಗೆಯಿರಿ. ಒದ್ದೆ ಮಾಡಿದಿರೋ, ಅದು ಕೆಸರಾಗಿ ಸಂದಿಗೆಲ್ಲ ಇಳಿಯುತ್ತದೆ. ಈಗ ನಾವು ಪೂಜೆಗೆ ಮುಂಚೆ ಕೀಬೋರ್ಡಿನ ಮೇಲೆ ಒಂದು ಒಗೆದ ಟವೆಲ್ ಹಾಸಿ, ಅದರ ಮೇಲೆ ಹೂವಿಡುತ್ತೇವೆ.

## ಸ್ಪೇಸ್, ಎಂಟರ್, ಶಿಫ್ಟ್ ಒಂದು ಕಡೆ ಒತ್ತಿದರೆ ಓರೆಯಾಗುತ್ತದೆ

ಉದ್ದ ಕೀಗಳ ಅಡಿಯಲ್ಲಿ ಒಂದು ಸಣ್ಣ ಉಕ್ಕಿನ ತಂತಿ ಇರುತ್ತದೆ. ಯಾವ ತುದಿ ಒತ್ತಿದರೂ ಇಡೀ ಕೀ ಸಮನಾಗಿ ಇಳಿಯಲಿ ಎಂದು ಅದನ್ನು ಇಟ್ಟಿರುತ್ತಾರೆ. ಆ ತಂತಿ ಕೊಕ್ಕೆಯಿಂದ ಕಳಚಿಕೊಂಡರೆ ಕೀ ಓರೆಯಾಗಿ ಹಿಡಿದುಕೊಳ್ಳುತ್ತದೆ. ಇದಕ್ಕೆ ಐಪಿಎ ಬೇಡ, ಸ್ವಚ್ಛತೆಯೂ ಬೇಡ. ಟೋಪಿ ಎತ್ತಿ, ತಂತಿಯ ಎರಡೂ ತುದಿ ಅದರ ಕೊಕ್ಕೆಯಲ್ಲಿ ಕೂತಿದೆಯಾ ನೋಡಿ. ಹಾಕುವಾಗ ಮೊದಲು ತಂತಿ ಸಿಕ್ಕಿಸಿ, ಆಮೇಲೆ ಕೀ ಒತ್ತಿ. ತಂತಿ ಬಗ್ಗಿದ್ದರೆ ಗಾಜಿನ ಮೇಲಿಟ್ಟು ನೋಡಿ, ಎಲ್ಲಿ ಎದ್ದಿದೆ ಎಂದು ಕಾಣುತ್ತದೆ. ಬೆರಳಲ್ಲೇ ಸ್ವಲ್ಪ ಸ್ವಲ್ಪ ನೇರ ಮಾಡಬಹುದು.

## ಒಂದು ಸಲ ಒತ್ತಿದರೆ ಎರಡು ಅಕ್ಷರ

ಕೀಗಳ ಅಡಿಯಲ್ಲಿ ರಬ್ಬರ್ ಇರುವ ಸಾಮಾನ್ಯ ಕೀಬೋರ್ಡಿನಲ್ಲಿ ಹೀಗಾದರೆ ಕೀ ನಿಧಾನಕ್ಕೆ ಮೇಲೆ ಬರುತ್ತಿದೆ ಎಂದು ಲೆಕ್ಕ. ಮೇಲೆ ಹೇಳಿದ ಹಾಗೆ ಒರೆಸಿ.

ಟಕಟಕ ಸದ್ದಿನ ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಕಾರಣ ಬೇರೆ. ಅಲ್ಲಿ ಪ್ರತಿ ಕೀಗೂ ಒಂದು ಸ್ವಿಚ್, ಅದರೊಳಗೆ ಎರಡು ಲೋಹದ ತಗಡು. ತಗಡು ತಾಗುವಾಗ ಒಂದೇ ಸಲ ಕೂರುವುದಿಲ್ಲ, ಸಣ್ಣಗೆ ಪುಟಿಯುತ್ತದೆ. ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್‌ನಲ್ಲಿ ಈ ಪುಟಿತ 5 ಮಿಲಿಸೆಕೆಂಡಿನೊಳಗೆ ನಿಲ್ಲಬೇಕು. ಕೀಬೋರ್ಡಿನ ಚಿಪ್ ಅಷ್ಟು ಹೊತ್ತು ಕಾದು ಒಂದೇ ಅಕ್ಷರ ಕಳಿಸುತ್ತದೆ. ತಗಡಿನ ಮೇಲೆ ಕೊಳೆಯೋ ತುಕ್ಕೋ ಕೂತರೆ ಪುಟಿತ ಉದ್ದವಾಗುತ್ತದೆ, ಚಿಪ್ ಅದನ್ನು ಎರಡು ಒತ್ತು ಎಂದು ತಿಳಿಯುತ್ತದೆ.

ಟೋಪಿ ತೆಗೆದು, ಸ್ವಿಚ್ಚಿನ ನಡುವಿನ ಕಡ್ಡಿಯನ್ನು ಒತ್ತಿ ಹಿಡಿದು, ಸಂದಿಗೆ ಐಪಿಎಯ ಒಂದೆರಡು ಹನಿ ಬಿಡಿ. ಐವತ್ತು ಸಲ ಒತ್ತಿ ಬಿಡಿ. ಎರಡು ಮೂರು ಗಂಟೆ ಆರಲಿ. ಹೋಗದಿದ್ದರೆ ಇನ್ನೊಂದು ಸಲ. ಸ್ವಿಚ್ ಕಿತ್ತು ಹಾಕಲು ಬರುವಂಥ ಕೀಬೋರ್ಡಾದರೆ ಇನ್ನೂ ಸುಲಭ. ಯಾರೂ ಮುಟ್ಟದ ಸ್ಕ್ರಾಲ್ ಲಾಕ್ ಕೀಯ ಸ್ವಿಚ್ಚನ್ನು ತಂದು ಇಲ್ಲಿಗೆ, ಇಲ್ಲಿನದನ್ನು ಅಲ್ಲಿಗೆ ಹಾಕಿ. ತೊಂದರೆಯೂ ಸ್ವಿಚ್ ಜೊತೆಗೇ ಹೋದರೆ ಸ್ವಿಚ್ ಕೆಟ್ಟಿದೆ. ಇಲ್ಲೇ ಉಳಿದರೆ ಅಡಿಯ ಬೋರ್ಡ್. ಬೆಸುಗೆ ಹಾಕಿದ ಸ್ವಿಚ್ಚಾದರೆ ಬೆಸುಗೆ ಬಲ್ಲವರಿಗೆ ಕೊಡಿ.

## ಒಂದಲ್ಲ, ನಾಲ್ಕೈದು ಕೀ ಒಟ್ಟಿಗೆ ಸತ್ತಿವೆ

ಆಗ ಬರೆದಿಟ್ಟ ಚೀಟಿ ಈಗ ತೆಗೆಯಿರಿ. ಪೂರ್ತಿ ಕೀಬೋರ್ಡಿನಲ್ಲಿ 104 ಕೀ ಇರುತ್ತವೆ. ಪ್ರತಿ ಕೀಗೂ ಒಂದೊಂದು ತಂತಿ ಎಳೆದಿರುವುದಿಲ್ಲ. ನೇಯ್ಗೆಯ ಹಾಸು ಹೊಕ್ಕಿನ ಹಾಗೆ ಅಡ್ಡ ಗೆರೆ, ಉದ್ದ ಗೆರೆ ಇರುತ್ತವೆ. 8 ಅಡ್ಡ, 18 ಉದ್ದ ಗೆರೆ ಇದ್ದರೆ 144 ಕೂಡುವ ಜಾಗ ಸಿಗುತ್ತದೆ, 26 ಗೆರೆಯಲ್ಲಿ ಕೆಲಸ ಮುಗಿಯುತ್ತದೆ. ಹಾಗಾಗಿ ಒಂದು ಗೆರೆ ತುಂಡಾದರೆ ಅದರ ಮೇಲಿರುವ ಕೀಗಳೆಲ್ಲ ಒಟ್ಟಿಗೆ ಹೋಗುತ್ತವೆ. ಅವು ಅಕ್ಕಪಕ್ಕವೇ ಇರಬೇಕೆಂದಿಲ್ಲ. ಒಂದೇ ಕೀ ಸತ್ತರೆ ಕೊಳೆಯನ್ನು ಅನುಮಾನಿಸಿ. ಗುಂಪು ಸತ್ತರೆ ಗೆರೆಯನ್ನು.

ಇಲ್ಲಿ ಕೀಬೋರ್ಡ್ ಬಿಚ್ಚಲೇಬೇಕು. ಹಿಂಭಾಗದ ಸ್ಕ್ರೂಗಳನ್ನೆಲ್ಲ ತೆಗೆಯಿರಿ. ಒಂದು ಸ್ಕ್ರೂ ಸ್ಟಿಕ್ಕರ್ ಅಡಿಯಲ್ಲೋ ರಬ್ಬರ್ ಕಾಲಿನ ಅಡಿಯಲ್ಲೋ ಅಡಗಿರಬಹುದು, ಅದನ್ನು ನೋಡದೆ ಎಳೆದು ಮುರಿದವರು ಬಹಳ. ಒಳಗೆ ರಬ್ಬರ್ ಗುಮ್ಮಟಗಳ ಹಾಳೆ, ಅದರಡಿ ಮೂರು ತೆಳು ಪ್ಲಾಸ್ಟಿಕ್ ಹಾಳೆ. ಮೇಲಿನದರಲ್ಲಿ ಮತ್ತು ಕೆಳಗಿನದರಲ್ಲಿ ಗೆರೆಗಳಿವೆ. ನಡುವಿನದರಲ್ಲಿ ಕೀ ಇರುವಲ್ಲೆಲ್ಲ ತೂತಿದೆ. ಕೀ ಒತ್ತಿದಾಗ ಗುಮ್ಮಟ ಕುಸಿದು, ತೂತಿನ ಮೂಲಕ ಮೇಲಿನ ಗೆರೆ ಕೆಳಗಿನದಕ್ಕೆ ತಾಗುತ್ತದೆ. ಅಷ್ಟೇ ಇದರ ಕೆಲಸ.

ನಮ್ಮೂರು ಮಲೆನಾಡಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಗೂ ಬೂಸ್ಟು ಹಿಡಿಯುತ್ತದೆ. ಆ ತೇವ ಈ ಹಾಳೆಗಳ ನಡುವೆ ಸೇರಿಕೊಂಡರೆ ಸುಲಭಕ್ಕೆ ಆರುವುದಿಲ್ಲ, ಎರಡು ಗಾಜಿನ ನಡುವೆ ನೀರು ಹಿಡಿದ ಹಾಗೆ. ಹಾಳೆಗಳನ್ನು ಮೆಲ್ಲಗೆ ಬೇರೆ ಮಾಡಿ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ. ಕೆಲವುದರಲ್ಲಿ ಹಾಳೆಗಳನ್ನು ಅಲ್ಲಲ್ಲಿ ಬೆಸೆದಿರುತ್ತಾರೆ, ಹಾಗಿದ್ದರೆ ಕೀಳಬೇಡಿ. ಗೆರೆಗಳು ಶಾಯಿಯಲ್ಲಿ ಅಚ್ಚು ಮಾಡಿದಂಥವು. ಐಪಿಎ ಹಾಕಿ ಉಜ್ಜಿದರೆ ಅಳಿಸಿಹೋಗುತ್ತವೆ.

ಮೂಲೆಯಲ್ಲಿ ಒಂದು ಸಣ್ಣ ಹಸಿರು ಬೋರ್ಡ್ ಇರುತ್ತದೆ. ಹಾಳೆಯ ಬಾಲ ಅದರ ಕಪ್ಪು ಹಲ್ಲುಗಳ ಮೇಲೆ ಕೂತು, ಸ್ಕ್ರೂ ಬಿಗಿತದಿಂದ ಮಾತ್ರ ತಾಗಿರುತ್ತದೆ. ಆ ಹಲ್ಲುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಸ್ಕ್ರೂ ಬಿಗಿ ಮಾಡಿ. ಗುಂಪಾಗಿ ಸತ್ತ ಕೀಗಳು ಇಷ್ಟಕ್ಕೇ ಎದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗೆರೆಯೇ ಕಪ್ಪಾಗಿ ತುಂಡಾಗಿದ್ದರೆ ಅದು ರಿಪೇರಿಗೆ ಬರುವುದಿಲ್ಲ. ಸಾಧಾರಣ ವೈರ್ ಕೀಬೋರ್ಡಿಗೆ ಅದಕ್ಕಿಂತ ಜಾಸ್ತಿ ಹೊತ್ತು ಕಳೆಯಬೇಡಿ, ಹೊಸದು ತನ್ನಿ.

## ಲ್ಯಾಪ್‌ಟಾಪಿನ ಕೀ

ಲ್ಯಾಪ್‌ಟಾಪಿನ ಟೋಪಿಯ ಅಡಿ ಕತ್ತರಿಯ ಹಾಗೆ ಹೆಣೆದ ಎರಡು ಪ್ಲಾಸ್ಟಿಕ್ ತುಂಡುಗಳಿವೆ. ಅದರ ಕಿವಿಗಳು ಅಕ್ಕಿನುಚ್ಚಿನಷ್ಟು ಸಣ್ಣ. ಒಂದು ಕಿವಿ ಮುರಿದರೂ ಆ ಕೀ ಮತ್ತೆ ನೆಟ್ಟಗೆ ಕೂರುವುದಿಲ್ಲ. ಅದಕ್ಕೆ ಟೋಪಿ ತೆಗೆಯುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲು ಗಾಳಿ. 2015ರಿಂದ ಆಪಲ್ ತನ್ನ ಮ್ಯಾಕ್‌ಬುಕ್‌ಗಳಿಗೆ ಬಟರ್‌ಫ್ಲೈ ಎಂಬ ಬಹಳ ತೆಳುವಾದ ಕೀ ಹಾಕತೊಡಗಿತು. ಒಂದು ಕಣ ಧೂಳು ಹೋದರೂ ಕೀ ಹಿಡಿಯುತ್ತಿತ್ತು. ಕೊನೆಗೆ 2018ರ ಜೂನ್‌ನಲ್ಲಿ ಕಂಪನಿ ಉಚಿತ ರಿಪೇರಿಯ ಯೋಜನೆಯನ್ನೇ ತರಬೇಕಾಯಿತು. ಅದಕ್ಕೆ ಆಪಲ್ ಹೇಳಿದ ವಿಧಾನ ಬೇರೆ ಲ್ಯಾಪ್‌ಟಾಪಿಗೂ ಚೆನ್ನಾಗಿದೆ. ಲ್ಯಾಪ್‌ಟಾಪನ್ನು 75 ಡಿಗ್ರಿ ಓರೆಗೆ, ಅಂದರೆ ಹೆಚ್ಚುಕಡಿಮೆ ನೆಟ್ಟಗೆ ಹಿಡಿದು, ಎಡದಿಂದ ಬಲಕ್ಕೆ ಗಾಳಿ ಬಿಡಿ. ಬಲಕ್ಕೆ ತಿರುಗಿಸಿ ಮತ್ತೆ, ಎಡಕ್ಕೆ ತಿರುಗಿಸಿ ಇನ್ನೊಮ್ಮೆ.

ಆಮೇಲೆ ಇಯರ್‌ಬಡ್ ತುದಿಗೆ ಐಪಿಎ ಮುಟ್ಟಿಸಿ ಕೀಯ ನಾಲ್ಕೂ ಅಂಚು ಒರೆಸಿ, ಹತ್ತಾರು ಸಲ ಒತ್ತಿ ಬಿಡಿ. ದ್ರವ ಸುರಿಯಬೇಡಿ, ಅಡಿಯಲ್ಲೇ ಮದರ್‌ಬೋರ್ಡ್ ಇದೆ. ಆಗಲೂ ಹೋಗದಿದ್ದರೆ ಮಾತ್ರ ಟೋಪಿ. ನಿಮ್ಮದೇ ಮಾಡೆಲ್ಲಿನ ವಿಡಿಯೋ ನೋಡಿಕೊಳ್ಳಿ. ಯಾವ ಕಡೆ ಕ್ಲಿಪ್, ಯಾವ ಕಡೆ ಜಾರುವ ಕೊಕ್ಕೆ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಕ್ಲಿಪ್ ಇರುವ ಮೂಲೆಗೆ ಉಗುರು ಹಾಕಿ ಎತ್ತಿ. ಬಲ ಹಾಕಬೇಕು ಅನ್ನಿಸಿದರೆ ಅಲ್ಲಿಗೆ ಬಿಡಿ. ಸ್ಪೇಸ್‌ಬಾರನ್ನು ಮನೆಯಲ್ಲಿ ತೆಗೆಯದಿರುವುದೇ ಒಳ್ಳೆಯದು.

ಲ್ಯಾಪ್‌ಟಾಪ್ ಕೀಬೋರ್ಡನ್ನೇ ಬದಲಿಸಬೇಕು ಎಂದಾದರೆ ರಿಪೇರಿಯವರನ್ನು ಒಂದು ಮಾತು ಕೇಳಿ. ಅದು ಸ್ಕ್ರೂದಲ್ಲಿ ಕೂತಿದೆಯಾ, ಮೇಲಿನ ಕವಚಕ್ಕೆ ಪ್ಲಾಸ್ಟಿಕ್ ಮೊಳೆಯಿಂದ ಬೆಸೆದಿದೆಯಾ? ಬೆಸೆದಿದ್ದರೆ ಇಡೀ ಕವಚ ಬದಲಿಸಬೇಕಾಗಬಹುದು, ಖರ್ಚು ತುಂಬ ಏರುತ್ತದೆ. ಮೊದಲೇ ಕೇಳಿ ಒಪ್ಪಿಕೊಳ್ಳಿ.

## ಟೀ ಚೆಲ್ಲಿತು

ಕೀಬೋರ್ಡ್ ಮಾತ್ರ ಆದರೆ ಯುಎಸ್‌ಬಿ ಕಿತ್ತು, ಬೋರಲು ಹಾಕಿ, ಮೇಲೆ ಹೇಳಿದ ಹಾಗೆ ಬಿಚ್ಚಿ ಒರೆಸಿ. ಅವಸರ ಬೇಡ.

ಲ್ಯಾಪ್‌ಟಾಪ್ ಆದರೆ ಒಂದೊಂದು ಸೆಕೆಂಡೂ ಮುಖ್ಯ. ಫೈಲ್ ಸೇವ್ ಮಾಡಲು ನಿಲ್ಲಬೇಡಿ. ಗೋಡೆಯ ಸ್ವಿಚ್ ಆಫ್ ಮಾಡಿ ಚಾರ್ಜರ್ ಕೀಳಿ. ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು ಆರಿಸಿ. ಪೆನ್‌ಡ್ರೈವ್, ಮೌಸ್ ಎಲ್ಲ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ. ತೆರೆದು, ಕೀಬೋರ್ಡ್ ಕೆಳಮುಖವಾಗಿ, ಮೇಜಿನ ಅಂಚಿಗೆ ಟವೆಲ್ ಹಾಸಿ ಗುಡಾರದ ಹಾಗೆ ನಿಲ್ಲಿಸಿ.

ಹಾಳು ಮಾಡುವುದು ನೀರೊಂದೇ ಅಲ್ಲ, ಒದ್ದೆಯಿದ್ದಾಗ ಹರಿಯುವ ಕರೆಂಟು. ಅದು ತಾಮ್ರದ ಗೆರೆಗಳನ್ನು ಗಂಟೆಗಳಲ್ಲಿ ತಿಂದುಹಾಕುತ್ತದೆ. ‘ಆನ್ ಆಗುತ್ತಾ ನೋಡೋಣ’ ಎಂದು ಸುಮ್ನೆ ಒಂದು ಸಲ ಒತ್ತಿದ್ದಕ್ಕೇ ಮದರ್‌ಬೋರ್ಡ್ ಹೋದದ್ದಿದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದರಿಂದ ಏನೂ ಆಗದು, ಹಿಟ್ಟು ಒಳಗೆ ಸೇರುತ್ತದೆ ಅಷ್ಟೆ. ಹೇರ್ ಡ್ರೈಯರಿನ ಬಿಸಿ ಕೀಗಳನ್ನು ಸೊಟ್ಟಗೆ ಮಾಡುತ್ತದೆ. ಫ್ಯಾನ್ ಗಾಳಿ ಸಾಕು.

ಬರೀ ನೀರು, ಅದೂ ನಾಲ್ಕು ಹನಿಯಾದರೆ ಎರಡು ದಿನ ಆರಿಸಿ ನೋಡಬಹುದು. ಹಾಲು ಸಕ್ಕರೆ ಹಾಕಿದ ಟೀ ಕಾಫಿ ಆರಿದ ಮೇಲೂ ಒಳಗೇ ಇರುತ್ತದೆ. ಆನ್ ಮಾಡದೆ ಅವತ್ತೇ ರಿಪೇರಿಗೆ ಕೊಟ್ಟು, ಬಿಚ್ಚಿ ತೊಳೆಸಿ. ಏನು ಚೆಲ್ಲಿತು, ಎಷ್ಟು ಚೆಲ್ಲಿತು, ಎಷ್ಟು ಹೊತ್ತಾಯಿತು ಎಂದು ಮುಚ್ಚಿಡದೆ ಹೇಳಿ. ಎಲ್ಲಿ ಮೊದಲು ನೋಡಬೇಕು ಎಂದು ಅವರಿಗೆ ತಿಳಿಯುವುದು ಅದರಿಂದಲೇ.

## ರಿಪೇರಿ ಆಗುವ ತನಕ ಕೆಲಸ ನಿಲ್ಲಬಾರದು ಅಂದರೆ

ಪಾಸ್‌ವರ್ಡಿನಲ್ಲಿರುವ ಅಕ್ಷರವೇ ಸತ್ತಿದ್ದರೆ ಲಾಗಿನ್ ಪರದೆಯ ಕೆಳಮೂಲೆಯಲ್ಲಿರುವ ಆಕ್ಸೆಸಿಬಿಲಿಟಿ ಚಿತ್ರ ಒತ್ತಿ. ಅಲ್ಲಿಂದ ಪರದೆಯ ಕೀಬೋರ್ಡ್ ತೆಗೆದು ಮೌಸಿನಲ್ಲಿ ಪಾಸ್‌ವರ್ಡ್ ಹಾಕಬಹುದು. ಒಳಗೆ ಹೋದ ಮೇಲೆ ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ ಕೀಬೋರ್ಡ್ ಮ್ಯಾನೇಜರ್ ಇದೆ. ಸತ್ತ ಕೀಯ ಕೆಲಸವನ್ನು ಬೇಡದ ಇನ್ನೊಂದು ಕೀಗೆ ವಹಿಸಬಹುದು. ಸಿಕ್ಕಿಕೊಂಡು ತಾನೇ ಟೈಪ್ ಆಗುವ ಕೀಯನ್ನು ಅದರಲ್ಲೇ ಆಫ್ ಕೂಡ ಮಾಡಬಹುದು. ನಮ್ಮ ಅಂಗಡಿಯ ಎರಡನೇ ಕಂಪ್ಯೂಟರಿನಲ್ಲಿ ಎಫ್‌ನ ಗೆರೆ ತುಂಡಾದಾಗ ಅದರ ಕೆಲಸವನ್ನು ಕ್ಯಾಪ್ಸ್ ಲಾಕಿಗೆ ಕೊಟ್ಟಿದ್ದೆ. ಹೊಸ ಕೀಬೋರ್ಡ್ ಬರುವ ತನಕ ಮೂರು ದಿನ ಎಲ್ಲ ಒತ್ತಕ್ಷರಗಳೂ ಎಡಗೈ ಕಿರುಬೆರಳಿನಲ್ಲೇ ಬಂದವು.